ಅಕ್ಕನ ಕಾರಿನ ದನಿ

ನನಗೊಂದು ಚಾಳಿ ಇದೆ. ಯಾರ ಕಾರಿನಲ್ಲೇ ಕೂತರೂ, ಬಾಗಿಲು ಹಾಕಿಕೊಂಡ ಮೇಲೆ ಅದರ ಒಳಮೈಯನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತೇನೆ. ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರು ಮಾಡುತ್ತಾರಲ್ಲ, ಥೇಟ್ ಹಾಗೆ. ಕಾರಿನ ಮಾಲೀಕರು ಯಾರೂ ಇದನ್ನು ಮೆಚ್ಚಿಕೊಂಡದ್ದಿಲ್ಲ. ಮೊನ್ನೆ ನಮ್ಮ ಬೀಗರು ತಮ್ಮ ಹೊಚ್ಚಹೊಸ ಕಾರಿನಲ್ಲಿ ನನ್ನನ್ನು ಮಿರಜ ಸ್ಟೇಶನ್ನಿನಿಂದ ಸಾಂಗ್ಲಿಗೆ ಕರೆದೊಯ್ಯುತ್ತಿದ್ದರು. ನನ್ನ ಕೈ ಸುಮ್ಮನಿರಲಿಲ್ಲ.

"ಯಾಕ್ರಿ ಮಾಸ್ತರ, ಬಾಗಿಲ ಸರಿ ಬಿದ್ದಿಲ್ಲೇನು?" ಎಂದರು ಬೀಗರು.

"ಬಿದ್ದೈತ್ರಿ. ಸುಮ್ಮ ನೋಡಿದೆ."

"ಏನ ನೋಡಿದ್ರಿ?"

ಅದನ್ನು ಹೇಳಲು ಕೂತರೆ ಸಾಂಗ್ಲಿ ಬಂದು ಹೋಗುತ್ತದೆ, ಕಥೆ ಅರ್ಧಕ್ಕೇ ನಿಲ್ಲುತ್ತದೆ. "ಗಟ್ಟಿ ಐತ್ರಿ ಗಾಡಿ" ಎಂದೆ. ಬೀಗರು ಹಿಗ್ಗಿ, ಗುಂಡಿ ಒತ್ತಿ ಹಾಡು ಹಚ್ಚಿದರು. ಮುಂದಿನಿಂದ, ಹಿಂದಿನಿಂದ, ಕಾಲ ಬುಡದಿಂದ, ಎಲ್ಲಿಂದಲೋ ಹಾಡು ಸುರಿಯಿತು. ಕಂಪನಿಯವರೇ ಎಲ್ಲ ಕೂಡಿಸಿ ಕೊಟ್ಟದ್ದಂತೆ. ಯಾರೂ ಏನೂ ಮಾಡಬೇಕಾಗಿಲ್ಲವಂತೆ. ಬೀಗರ ದೃಷ್ಟಿಯಲ್ಲಿ ಅದು ದೊಡ್ಡ ಹೊಗಳಿಕೆ. ನನಗೆ ಮಾತ್ರ ನನ್ನಕ್ಕ ಶಶಿಕಲಾ ನೆನಪಾದಳು. ಬಾಗಿಲು 'ಟಣ್' ಅಂದರೆ ಕೆಟ್ಟದ್ದು, 'ಧಪ್' ಅಂದರೆ ಒಳ್ಳೆಯದು ಎಂದು ನನಗೆ ಕಲಿಸಿದವಳು ಅವಳು. ಕಾರುಗಳ ವಿಷಯದಲ್ಲಿ ಈ ಜನ್ಮದಲ್ಲಿ ನಾನು ಕಲಿತದ್ದೂ ಅಷ್ಟೇ.

ನಮ್ಮದು ಸಾಂಗ್ಲಿಯಲ್ಲಿ ಅಜ್ಜನ ಕಾಲದಿಂದ ನೆಲೆನಿಂತ ಕನ್ನಡ ಮನೆ. ಅಡಿಗೆಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕ ಬೈಯುವಾಗ ಮರಾಠಿಯಲ್ಲಿ ಬೈಯುತ್ತಿದ್ದಳು, ಮುದ್ದು ಮಾಡುವಾಗ ಕನ್ನಡ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ್ದರಿಂದ ನನ್ನ ಮರಾಠಿ ಬಹಳ ಬೇಗ ಸುಧಾರಿಸಿತು. ಹುಡುಗಿಯಾಗಿದ್ದಾಗ ಅವಳು ಬೊಂಬೆ ಇಟ್ಟುಕೊಂಡು ಆಡಿದ್ದು ನನಗೆ ನೆನಪಿಲ್ಲ. ಕೆಟ್ಟ ಟಾರ್ಚು, ಕೆಟ್ಟ ಗಡಿಯಾರ, ಕೆಟ್ಟ ಇಸ್ತ್ರಿಪೆಟ್ಟಿಗೆ, ಇವೇ ಅವಳ ಬೊಂಬೆಗಳು. ಅವುಗಳ ಹೊಟ್ಟೆ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಹಾಳೆಯ ಮೇಲೆ ಹರವಿ, ಮತ್ತೆ ತುಂಬಿಸುತ್ತಿದ್ದಳು. ಕೊನೆಗೆ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. "ಇವು ಕಂಪನಿಯವರು ಸುಮ್ಮ ಹೆಚ್ಚಿಗೆ ಹಾಕಿರತಾರ" ಎಂದು ನನ್ನನ್ನು ನಂಬಿಸಿದ್ದಳು.

ಎಸ್ಸೆಸ್ಸಿ ಮುಗಿದ ಮೇಲೆ ರೇಡಿಯೋ ಕೆಲಸ ಕಲಿಸುವ ತರಬೇತಿ ಶಾಲೆಗೆ ಹೆಸರು ಹಚ್ಚಿದಳು. ಮೊದಲ ದಿನ ಬಾಗಿಲಲ್ಲಿ ನಿಂತವಳನ್ನು ನೋಡಿ ಮಾಸ್ತರರು, ಟೈಪಿಂಗ್ ಬಾಜೂ ಖೋಲಿಯಲ್ಲಿದೆ ಎಂದು ಕೈ ತೋರಿಸಿದರಂತೆ. "ಗೊತ್ತೈತ್ರಿ ಸರ್, ಅಲ್ಲಿ ಇಣುಕಿ ನೋಡೇ ಇಲ್ಲಿಗೆ ಬಂದೇನಿ" ಅಂದು ಮುಂದಿನ ಬಾಕಿನ ಮೇಲೆ ಕೂತಳಂತೆ. ಆ ಖೋಲಿಯಲ್ಲಿ ಅವಳೊಬ್ಬಳೇ ಹುಡುಗಿ. ಅಲ್ಲಿಂದ ಹೊರಬಿದ್ದು ಹತ್ತಿರದ ಒಂದು ಸಹಕಾರಿ ಸಕ್ಕರೆ ಕಾರಖಾನೆಯ ವಿದ್ಯುತ್ ವಿಭಾಗಕ್ಕೆ ಸೇರಿದಳು. ಆಗ ನಮ್ಮ ಕಡೆ ಎತ್ತ ನೋಡಿದರೂ ಸಹಕಾರಿ ಸಂಘಗಳೇ. ಹಾಲಿಗೊಂದು, ನೂಲಿಗೊಂದು, ಕಬ್ಬಿಗೊಂದು. ಹಂಗಾಮು ಶುರುವಾದರೆ ಎತ್ತಿನ ಗಾಡಿಗಳ ಸಾಲು ರಸ್ತೆ ತುಂಬುತ್ತಿತ್ತು. ಆ ಗಾಡಿಗಳ ನಡುವೆ ಸೈಕಲ್ ತುಳಿದುಕೊಂಡು, ಹೆಗಲಿಗೆ ಟೂಲು ಚೀಲ ಹಾಕಿಕೊಂಡು ಹೋಗುವ ಅಕ್ಕನನ್ನು ನೋಡಿ ಗಾಡಿಯವರು ದಾರಿ ಬಿಡುತ್ತಿದ್ದರು. ನಾನು ಆರಗದ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಎಸ್‌ಟಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನಗೆ ಯಾರೂ ದಾರಿ ಬಿಟ್ಟದ್ದಿಲ್ಲ.

ಇನ್ನು ನಮ್ಮ ಅಪ್ಪನ ದನಿಯ ಬಗ್ಗೆ ಹೇಳಬೇಕು. ಅಪ್ಪ ಬೆಲ್ಲದ ಪೇಟೆಯಲ್ಲಿ ಸವಾಲು ಕೂಗುವವರು, ಅಂದರೆ ಹರಾಜು ನಡೆಸುವವರು. ರೈತರು ತಂದ ಬೆಲ್ಲದ ಪೆಂಟೆಗಳನ್ನು ರಾಶಿ ರಾಶಿಯಾಗಿ ಜೋಡಿಸಿಟ್ಟಿರುತ್ತಾರೆ. ಒಂದೊಂದು ರಾಶಿಯ ಮುಂದೆಯೂ ನಿಂತು, ವ್ಯಾಪಾರಿಗಳ ಬಾಯಿಂದ ದರ ಹೊರಡಿಸಿ, ಏರಿಸಿ, ಕೊನೆಗೆ ಯಾರದು ಎಂದು ಮುಗಿಸುವುದು ಅವರ ಕೆಲಸ. ಮೈಕು ಗೀಕು ಇಲ್ಲ. ಅಪ್ಪ ಕೂಗಿದರೆ ಪೇಟೆಯ ತಗಡಿನ ಮಾಡು ಗುಂಯ್ ಅನ್ನುತ್ತಿತ್ತು. ಹೊರಗೆ ರಸ್ತೆಯಲ್ಲಿ ರಿಕ್ಷಾದವರು, "ಭೀಮಣ್ಣನ ಸವಾಲ ಸುರು ಆತು, ಹತ್ತ ಹೊಡೀತು" ಎಂದು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈ ದನಿ ನನಗೆ ಬಳುವಳಿಯಾಗಿ ಬರಬೇಕಾಗಿತ್ತು. ಬರಲಿಲ್ಲ. ನಾನು ಕವಿತೆ ಓದಿದರೆ ಮೂರನೇ ಬಾಕಿನ ಆಚೆ ಹುಡುಗರು ನಿಶ್ಚಿಂತೆಯಿಂದ ಗೋಲಿ ಆಡುತ್ತಿದ್ದರು.

ಒಂದು ವರ್ಷ ಅಪ್ಪನ ದನಿ ಒಡೆಯಿತು. ಮೊದಲು ಥಂಡಿ ಎಂದರು, ಆಮೇಲೆ ಧೂಳು ಎಂದರು. ಅವ್ವ ಅರಿಷಿಣ ಹಾಕಿ ಹಾಲು ಕುದಿಸಿ ಕೊಟ್ಟಳು. ಕೊನೆಗೆ ಅಕ್ಕ ಹಟಮಾಡಿ ಮಿರಜಿನ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದರು, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಅಪ್ಪ ತಮ್ಮ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಂಗಾಮ ಮುಗಿಯೂತನಾ ತಡೀಬಹುದೇನ್ರಿ, ಡಾಕ್ಟರ್ ಸಾಹೇಬ್ರ?"

"ತಡಿಯಾಕ ಬರೂದಿಲ್ಲ, ಭೀಮಣ್ಣ."

ಅಪ್ಪ ತಲೆಯಾಡಿಸಿದರು. ಅಲ್ಲಿಗೆ ಅವರ ಮಟ್ಟಿಗೆ ಆ ವ್ಯವಹಾರ ಮುಗಿಯಿತು. ಆಮೇಲೆ ಅವರು ಅದರ ಬಗ್ಗೆ ಗೊಣಗಿದ್ದನ್ನು ನಾನು ಕಂಡಿಲ್ಲ.

ಆಪರೇಶನ್ ಆಯಿತು. ಅಪ್ಪ ಉಳಿದರು, ದನಿ ಉಳಿಯಲಿಲ್ಲ. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಪಾಟಿ ಬಳಪ ತಂದುಕೊಟ್ಟರೆ ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೆ ತಮ್ಮದೇ ಒಂದು ಭಾಷೆ ಇತ್ತು. ನಮ್ಮ ಅರಿಷಿಣ ಪೇಟೆಯಲ್ಲಿ ಹಿಂದೆ ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಆ ಭಾಷೆಯನ್ನು ಮನೆಗೆ ತಂದರು. ಅವ್ವನ ಕೈ ಹಿಡಿದು ತೋರುಬೆರಳು ಒತ್ತಿದರೆ ಚಹಾ, ಎರಡು ಬೆರಳು ಒತ್ತಿದರೆ ಊಟ. ಇಡೀ ಕೈ ಹಿಡಿದು ಅದುಮಿದರೆ 'ಸೌದಾ ಆತು', ಅಂದರೆ ಮಾತು ಮುಗಿಯಿತು, ಇನ್ನು ವಾದ ಬೇಡ. ಅವ್ವ ವಾರದೊಳಗೆ ಕಲಿತಳು, ಅಕ್ಕ ಎರಡು ದಿನದಲ್ಲಿ. ನಾನು ಬಹಳ ದಿನ ಅವರು ಕೇಳಿದ ಬಿಸಿನೀರಿಗೆ ಮಜ್ಜಿಗೆ ತಂದುಕೊಡುತ್ತಿದ್ದೆ. ಅಪ್ಪ ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದರು, ಕೆಲವು ಸಲ ಪಾಪವೆಂದು ಅದನ್ನೇ ಕುಡಿದುಬಿಡುತ್ತಿದ್ದರು.

ಕಾರು ಬಂದದ್ದು ಆಗ. ತಪಾಸಣೆಗೆ ಮೇಲಿಂದ ಮೇಲೆ ಮಿರಜಿಗೆ ಹೋಗಬೇಕು. ರಿಕ್ಷಾ, ಬಸ್ಸು ಯಾವುದರಲ್ಲೂ ಧೂಳು ತಪ್ಪುವಂತಿಲ್ಲ, ಧೂಳು ನೆಟ್ಟಗೆ ಆ ತೂತಿನೊಳಗೆ. ಒಮ್ಮೆ ಬಸ್ಸಿನಲ್ಲಿ ಅಪ್ಪನಿಗೆ ಉಸಿರು ಕಟ್ಟಿ, ಅಕ್ಕ ಡ್ರೈವರನನ್ನು ಗದರಿಸಿ ನಿಲ್ಲಿಸಬೇಕಾಯಿತು. ಅದೇ ಸುಮಾರಿಗೆ ಅಕ್ಕನ ಕಾರಖಾನೆಯ ಚೇರಮನ್ ಸಾಹೇಬರಿಗೆ ಹೊಸ ಕಾರು ಬಂದು, ಹಳೆಯದನ್ನು ಲಿಲಾವಿಗೆ ಇಟ್ಟರು. ಗುಂಡು ಬೆನ್ನಿನ, ಬೂದು ಬಣ್ಣದ ಕಾರು. ಅಪ್ಪ ಹೊಸ ಧೋತರ ಉಟ್ಟು, ತಾವೇ ಬರುತ್ತೇನೆಂದು ಹೊರಟರು.

ಲಿಲಾವು ನಡೆಸುತ್ತಿದ್ದವನು ಒಬ್ಬ ಗುಮಾಸ್ತ. ಅವನ ಪಿಳಿಪಿಳಿ ದನಿ ಕೇಳಿ ಅಪ್ಪನ ಮುಖ ಹುಳ್ಳಗಾಯಿತು. ಆ ಕಾರಿನ ಸರದಿ ಬಂದಾಗ ಅಪ್ಪ ಕೈ ಎತ್ತಿ ಬೆರಳು ತೋರಿಸಿದರು. ಬಂದವರಲ್ಲಿ ಪೇಟೆಯ ಮಂದಿ ಹಲವರಿದ್ದರು, ಅಪ್ಪನ ಗುರುತಿನವರು. ಒಬ್ಬ ಶೇಟಜಿ ಆ ಬೆರಳು ನೋಡಿ, ದರವನ್ನು ತಾನೇ ಗಟ್ಟಿಯಾಗಿ ಹೇಳಿ, "ಇದು ಭೀಮಣ್ಣನ ಬೋಲಿ!" ಎಂದ. ತಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡರು. ಯಾರೂ ಅದರ ಮೇಲೆ ಕೂಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಅಪ್ಪನಿಗೆ ಬಂದದ್ದು ಸಿಟ್ಟು. ಅವರು ಗುಂಪಿನ ಮುಂದೆ ಹೋಗಿ, ಒಬ್ಬೊಬ್ಬರ ಎದೆಯ ಕಡೆ ಬೆರಳು ಮಾಡಿ, ಅಂಗೈ ಮೇಲೆತ್ತಿ ಮೇಲೆತ್ತಿ ತೋರಿಸಿದರು. ಏರಿಸಿರಿ, ಸುಮ್ಮನೆ ಯಾಕೆ ನಿಂತಿರಿ?

"ಬೋಲಾ ಅಂತಾರ್ರಿ ಅಪ್ಪ" ಎಂದಳು ಅಕ್ಕ, ಅವರ ಬೆನ್ನ ಹಿಂದಿನಿಂದ. "ದಯಾ ಬ್ಯಾಡಂತ. ಸವಾಲ ಸವಾಲ ಹಂಗ ಆಗಬೇಕಂತ."

ಶೇಟಜಿ ನಕ್ಕು ಸ್ವಲ್ಪ ಏರಿಸಿದ. ಅಪ್ಪ ಮತ್ತೂ ಸ್ವಲ್ಪ. ಹೀಗೆ ಕೆಲವು ಸುತ್ತು ನಡೆದು ಕಾರು ನಮ್ಮದಾಯಿತು. ಸುಮ್ಮನಿದ್ದರೆ ಅಗ್ಗಕ್ಕೆ ಸಿಗುತ್ತಿತ್ತು ಎಂದು ಅವ್ವ ಎಷ್ಟೋ ದಿನ ಅಂದಳು. ಅಪ್ಪ ಮಾತ್ರ ಆ ದಿನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಠೀವಿ ನೋಡಬೇಕಿತ್ತು. ಅದು ಯಾರೋ ದಾನ ಕೊಟ್ಟ ಕಾರಲ್ಲ. ಓಡಿಸಿದವಳು ಅಕ್ಕ. ಕಾರಖಾನೆಯ ಜೀಪಿನಲ್ಲಿ ಕಲಿತಿದ್ದಳು. ನಾನು ಪಕ್ಕದಲ್ಲಿ ಕೂತು, ಎದುರಿಗೆ ಬಂದ ಎಮ್ಮೆಗಳನ್ನು ತೋರಿಸುತ್ತಿದ್ದೆ.

ಆ ಕಾರಿನಲ್ಲಿ ಕಂಪನಿಯವರು ಕೂಡಿಸಿದ್ದ ಒಂದು ರೇಡಿಯೋ ಇತ್ತು. ಅದಕ್ಕೆ ಚಹಾದ ಬಸಿಯಷ್ಟು ಅಗಲದ ಒಂದೇ ಸ್ಪೀಕರು, ಸ್ಟೇರಿಂಗಿನ ಆಚೆ. ಹಚ್ಚಿದರೆ ನೆಗಡಿಯಾದವರು ಡಬ್ಬಿಯೊಳಗೆ ಕೂತು ಸುದ್ದಿ ಓದಿದ ಹಾಗೆ. ಕಾರು ಕೊಂಡ ಮೇಲೆ ನಮ್ಮ ಕೈ ಬರಿದಾಗಿತ್ತು, ಆದ್ದರಿಂದ ಆ ರೇಡಿಯೋ ಹಾಗೆಯೇ ಮೂಗಿನಲ್ಲಿ ಮಾತಾಡಿಕೊಂಡು ಇರುತ್ತಿತ್ತು. ಆದರೆ ಒಂದು ಟೇಪು ಅಕ್ಕನ ತಲೆ ಕೆಡಿಸಿತು.

ಅಪ್ಪನ ಕಾಯಿಲೆ ಗೊತ್ತಾಗುವ ಮುಂಚೆ ಅಕ್ಕ ಯಾರೋ ಬಿಸಾಡಿದ್ದ ಒಂದು ಟೇಪ್‌ರೆಕಾರ್ಡರನ್ನು ರಿಪೇರಿ ಮಾಡಿದ್ದಳು. ಅದರ ಮೈಕು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ತನ್ನ ರಜೆಯ ದಿನವೊಂದು ಪೇಟೆಗೆ ಹೋಗಿ, ಅಪ್ಪನ ಸವಾಲನ್ನು ತುಂಬಿಕೊಂಡು ಬಂದಿದ್ದಳು. ಅಷ್ಟೇ ಅದರ ಉದ್ದೇಶ. ಆಗ ನಮಗೆಲ್ಲ ಅಪ್ಪನ ದನಿ ಕೃಷ್ಣಾ ನದಿಯ ನೀರಿದ್ದ ಹಾಗೆ, ತುಂಬಿಟ್ಟುಕೊಳ್ಳುವಂಥದ್ದು ಎಂದು ಯಾರಿಗೂ ಅನಿಸಿರಲಿಲ್ಲ. ಆಪರೇಶನ್ ಆಗಿ ಕೆಲವು ತಿಂಗಳಾದ ಮೇಲೆ ಆ ಟೇಪು ಡಬ್ಬಿಯೊಂದರಲ್ಲಿ ಸಿಕ್ಕಿತು. ಅಕ್ಕ ಧೈರ್ಯ ಮಾಡಿ ಅಪ್ಪನ ಮುಂದೆ ಹಚ್ಚಿದಳು.

ಆ ಚಿಕ್ಕ ಯಂತ್ರದಿಂದ ಬಂದದ್ದು ಕಿರುಗುಟ್ಟುವ ಒಂದು ದನಿ. ಅಪ್ಪ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕಿವಿಯ ಹತ್ತಿರ ಕೈ ಆಡಿಸಿ, ಚಪ್ಪಾಳೆ ತಟ್ಟಿ ಸೊಳ್ಳೆ ಹೊಡೆದ ಹಾಗೆ ಮಾಡಿ, ಎದ್ದು ಹೊರಗೆ ಹೋದರು. ಅವ್ವ, ನಾನು ಇಬ್ಬರೂ ನಕ್ಕೆವು. ಅಕ್ಕ ನಗಲಿಲ್ಲ.

"ಅಪ್ಪ ಅನ್ನೂದು ಖರೆ ಐತಿ" ಎಂದಳು. "ಇದರಾಗ ಅಪ್ಪನ ದನಿ ಇಲ್ಲ. ಖರೆ ಟೇಪಿನ್ಯಾಗ ಐತಿ, ಇದರ ಬಾಯಾಗಿಂದ ಹೊರಗ ಬರವಲ್ದು."

"ಮತ್ತ ಏನ ಮಾಡ್ತಿ?"

"ಬಾಯಿ ದೊಡ್ಡದ ಮಾಡಬೇಕು."

ಮನೆಯಲ್ಲೇ ದೊಡ್ಡ ಪೆಟ್ಟಿಗೆ ಇಟ್ಟು ಹಚ್ಚಬಹುದಿತ್ತು. ಆದರೆ ನಮ್ಮದು ಗೋಡೆಗೆ ಗೋಡೆ ಅಂಟಿದ ಗಲ್ಲಿ. ಗಟ್ಟಿಯಾಗಿ ಹಚ್ಚಿದರೆ ಇಡೀ ಗಲ್ಲಿ ಬಾಗಿಲಿಗೆ ಬಂದು, ಅಯ್ಯೋ ಪಾಪ ಎನ್ನುತ್ತದೆ. ಅಪ್ಪನಿಗೆ ಅದು ಆಗದು. ಕಾರಿನಲ್ಲಾದರೆ ಗಾಜು ಏರಿಸಿಕೊಂಡು, ಊರಾಚೆ ಹೋಗಿ ನಿಲ್ಲಬಹುದು. ಅವರ ದನಿ ಅವರಿಗೆ. ಅಕ್ಕನ ವಿಚಾರ ಹೀಗೆ ಓಡುತ್ತಿತ್ತು. ನನಗೆ ಇದೆಲ್ಲ ಹೊಳೆದದ್ದು ಅವಳು ಬಿಡಿಸಿ ಹೇಳಿದ ಮೇಲೆ.

ಸಾಂಗ್ಲಿಯಲ್ಲಿ ದತ್ತೂಕಾಕಾನದೊಂದು ರೇಡಿಯೋ ಅಂಗಡಿ ಇತ್ತು. ಒಂದು ಭಾನುವಾರ ಅಲ್ಲಿಗೆ ಹೋದೆವು. ಕಾಕಾ ಗಾಜಿನ ಕಪಾಟಿನಿಂದ ಮಿರಿಮಿರಿ ಮಿಂಚುವ ಜೋಡಿ ಸ್ಪೀಕರು ತೆಗೆದಿಟ್ಟ.

"ಇದನ್ನ ತಗೋರಿ ಅಕ್ಕಾ. ಪರದೇಶದ ಮಾಲ ಐತಿ. ಗಾಡ್ಯಾಗ ಹಾಕಿದ್ರ ಮಿರಜತನಾ ಕೇಳಸ್ತೈತಿ."

"ಅದರ ಮ್ಯಾಲಿನ ಧೂಳ ಒರಸಾಕ ಸೈತ ನನ್ನ ಪಗಾರ ಸಾಲೂದಿಲ್ಲ ಕಾಕಾ. ಆ ಅಟ್ಟದ ಮ್ಯಾಲ ಹಳೇ ರೇಡಿಯೋ ಐತಲ್ಲ, ಅದನ್ನ ಇಳಸ್ರಿ."

"ಅದನ್ಯಾಕ? ಇಲಿ ಕಡದಾವ ಅದನ್ನ."

"ಇಳಸ್ರಿ ನೀವು."

ಟ್ರಂಕಿನಷ್ಟು ದೊಡ್ಡ ಎರಡು ಮರದ ರೇಡಿಯೋ. ಅವುಗಳ ಹೊಟ್ಟೆಯಲ್ಲಿ ಊಟದ ತಾಟಿನಷ್ಟು ಅಗಲದ ಕಾಗದದ ಸ್ಪೀಕರುಗಳು, ಅಲ್ಲಲ್ಲಿ ಹರಿದಿದ್ದವು. ಅಕ್ಕ ಅವುಗಳನ್ನು ಹೊಸ ಮದುಮಗಳ ಸೀರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದಳು. ಗಾಳಿಪಟದ ತೆಳು ಕಾಗದವನ್ನು ಅಂಟಿನಲ್ಲಿ ನೆನೆಸಿ, ಉಸಿರು ಬಿಗಿಹಿಡಿದು, ಹರಿದಲ್ಲೆಲ್ಲ ತೇಪೆ ಹಚ್ಚಿದಳು. ಹಿಂದಿನ ಸೀಟಿನ ಬೆನ್ನಿಗೆ ಹಲಗೆ ಕೊಯ್ದು, ಸ್ಪೀಕರುಗಳನ್ನು ಕೂಡಿಸಿದಳು. ಆಂಪ್ಲಿಫಾಯರನ್ನು ಬಿಸ್ಕೀಟಿನ ಡಬ್ಬಿಯೊಳಗೆ ತಾನೇ ಜೋಡಿಸಿದಳು. ರೇಡಿಯೋ ಇದ್ದ ಜಾಗಕ್ಕೆ ಕಾರಖಾನೆಯ ಗ್ಯಾರೇಜಿನಲ್ಲಿ ಬಿದ್ದಿದ್ದ ಒಂದು ಹಳೆಯ ಟೇಪು ಯಂತ್ರ ಬಂತು.

ಹಚ್ಚಿದರೆ ಹಾಡಿಗಿಂತ ಮೊದಲು ಕಾರೇ ಹಾಡಿತು. ಬಾಗಿಲುಗಳೆಲ್ಲ ಝಣಝಣ. ಆಗ ಅವಳು ಬಾಗಿಲನ್ನು ಬಡಿದು ನನಗೆ ಪಾಠ ಮಾಡಿದ್ದು. 'ಟಣ್' ಅನ್ನುವ ತಗಡನ್ನು 'ಧಪ್' ಅನಿಸಬೇಕು. ಅದಕ್ಕೆ ದುಡ್ಡಿನ ಸಾಮಾನು ಬೇರೆ ಇದೆಯಂತೆ, ನಮಗೆ ಅದು ದೂರದ ಮಾತು. ಅಪ್ಪ ಪೇಟೆಗೆ ಹೋಗಿ ಹಳೆಯ ಗೆಳೆಯರಿಂದ ಅರಿಷಿಣ ತುಂಬಿದ್ದ ಹರಕು ಗೋಣಿಚೀಲಗಳನ್ನು ತಂದರು. ಅಕ್ಕ ಅವನ್ನು ಡಾಂಬರಿನಲ್ಲಿ ಅದ್ದಿ, ಬಾಗಿಲುಗಳ ಹೊಟ್ಟೆಯೊಳಗೆ ಮೆತ್ತಿದಳು. ಮೊಣಕೈತನಕ ಕರಿ, ಮುಖವೆಲ್ಲ ಹಳದಿ. ಕಾರಖಾನೆಯ ಸಾಹೇಬರೊಬ್ಬರು ಆ ಹೊತ್ತಿಗೆ ಮನೆಗೆ ಬಂದು, ಶಶಿಕಲಾಬಾಯಿ ಇದ್ದಾರೆಯೇ ಎಂದು ಶಶಿಕಲಾಬಾಯಿಯನ್ನೇ ಕೇಳಿದರು.

ಡಿಕ್ಕಿಗೂ ಸೀಟಿಗೂ ನಡುವೆ ಸಂದು ಇದೆ, ಅಲ್ಲಿಂದ ದನಿ ಸೋರುತ್ತದೆ, ದಪ್ಪನೆಯ ಬಟ್ಟೆ ಬೇಕು ಎಂದು ಅಕ್ಕ ಅವ್ವನ ಕೌದಿಯ ಮೇಲೆ ಕಣ್ಣು ಹಾಕಿದಳು.

"ಮನಷ್ಯಾರು ಹೊಚಗೊಳ್ಳಲಿ ಅಂತ ಹೊಲದೇನಿ ಅದನ್ನ. ಮೋಟಾರಕ್ಕ ಏನ ಥಂಡಿ ಆಗೈತಿ?" ಎಂದು ಅವ್ವ ಕೌದಿಯ ಮೇಲೆಯೇ ಕೂತುಬಿಟ್ಟಳು. ಮಧ್ಯಾಹ್ನ ನೋಡಿದರೆ ಅವಳೇ ಡಿಕ್ಕಿಯೊಳಗೆ ತಲೆ ಹಾಕಿ, ಗೇಣಿನಿಂದ ಅಳೆಯುತ್ತಿದ್ದಳು. ಅಡ್ಡಾದಿಡ್ಡಿಯಾದ ಆ ಸಂದಿಗೆ ಸರಿಯಾಗಿ ಮಡಚಿ, ಹೊಲಿದು, ಅಂಚು ಕಟ್ಟಿಕೊಟ್ಟಳು. ಕಾಣಿಸದ ಜಾಗದಲ್ಲಿ ಅಂಥ ಚೆಂದದ ಹೊಲಿಗೆ ಇದ್ದ ಕಾರು ಇನ್ನೊಂದು ಇರಲಿಕ್ಕಿಲ್ಲ.

ನನ್ನ ಕೆಲಸ ಕೇಳುವುದು. ಹಿಂದಿನ ಸೀಟಿನಲ್ಲಿ ಕೂಡಿಸಿ, ಭಜನೆಯ ಟೇಪು ಹಚ್ಚಿ, ಅಕ್ಕ ಡಿಕ್ಕಿಯಿಂದ ಕೂಗುತ್ತಿದ್ದಳು.

"ಹೆಂಗೈತಿ?"

"ಚಲೋ ಐತಿ."

"ಈಗ?"

"ಈಗೂ ಚಲೋ ಐತಿ."

"ಈಗ ಒಂದ ಕಡೀ ವಾಯರ ಕಿತ್ತೇನಿ ನಾ. ಇಳಿ ಕೆಳಗ!"

ನನ್ನ ಜಾಗಕ್ಕೆ ಅವ್ವ ಬಂದಳು. ಅವಳು ಕಣ್ಣು ಮುಚ್ಚಿ ಕೂತು, "ಈಗ ಮಂದಿ ಬಾವ್ಯಾಗ ಕುಂತ ಹಾಡಿದಂಗ ಆಗತೈತಿ", "ಈಗ ಹೊರಗ ಬಂದ್ರು, ಖರೆ ಹೊದ್ದಕೊಂಡ ಕುಂತಾರ" ಎಂದು ಹೇಳುತ್ತ ಹೋದಳು. ಅಕ್ಕ ಆ ಮಾತಿನ ಪ್ರಕಾರ ಹಲಗೆ ಸರಿಸಿ, ಸ್ಕ್ರೂ ಬಿಗಿಮಾಡಿ, ವಾಯರು ಬದಲಿಸಿದಳು. ಕೊನೆಗೊಂದು ದಿನ ಅವ್ವ ಏನೂ ಹೇಳದೆ, ಸೆರಗು ಹೊದ್ದುಕೊಂಡು ಭಜನೆಗೆ ತಾಳ ಹಾಕತೊಡಗಿದಳು. ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು.

ಕಡೆಯ ಪರೀಕ್ಷೆಗೆ, ಹಾಳಾದರೂ ಚಿಂತೆಯಿಲ್ಲ ಅನ್ನುವಂಥ ಒಂದು ಟೇಪು ಬೇಕೆಂದಳು. ಶಾಲೆಯ ಹುಡುಗರಿಗೆಂದು ನಾನೇ ಪಾಠ ಓದಿ ತುಂಬಿಸಿದ್ದ ಒಂದು ಟೇಪು ಕೊಟ್ಟೆ. ಯಂತ್ರ ಅದನ್ನು ಸ್ವಲ್ಪ ಹೊತ್ತು ಕೇಳಿ, ಕಚಕಚ ಅಗಿದು, ಶಾವಿಗೆಯ ಹಾಗೆ ಹೊರಗೆ ಚೆಲ್ಲಿತು.

"ಮಶೀನಿಗೂ ತಡಕೊಳ್ಳಾಕ ಆಗಲಿಲ್ಲ ನೋಡು" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅವಳ ಮುಖ ಸಣ್ಣಗಾಯಿತು. ಅಪ್ಪನ ಟೇಪು ಒಂದೇ ಒಂದು. 

ನಕಲು ಮಾಡಿಸಿ ನೋಡಿದಳು. ನಕಲಿನಲ್ಲಿ ದನಿ ಇನ್ನೂ ಸೊರಗಿತ್ತು. ಕೇಳಿದರೆ ಅಸಲನ್ನೇ ಕೇಳಬೇಕು. ಅಕ್ಕ ಟೇಪು ಯಂತ್ರವನ್ನು ಮತ್ತೆ ಪೂರ್ತಿ ಬಿಚ್ಚಿದಳು. ಸವೆದ ರಬ್ಬರಿನ ಗಾಲಿ ಬದಲಿಸಿದಳು, ದವಾಖಾನೆಯ ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒಂದೊಂದು ಹಲ್ಲನ್ನೂ ಒರೆಸಿದಳು. ಮನೆಯಲ್ಲಿದ್ದ ಟೇಪುಗಳನ್ನೆಲ್ಲ ಹಚ್ಚಿ ಹಚ್ಚಿ ನೋಡಿದಳು. ಒಂದನ್ನೂ ಅದು ಅಗಿಯಲಿಲ್ಲ. ಆದರೂ ಅಪ್ಪನ ಟೇಪು ಹಾಕಲು ಅವಳ ಕೈ ಬರಲಿಲ್ಲ. ಇಂದು, ನಾಳೆ ಎಂದು ದಿನ ಹಾಕಿದಳು. ಕಾರಖಾನೆಯಲ್ಲಿ ಕಂಬ ಹತ್ತಿ ಹೈಟೆನ್ಷನ್ ತಂತಿ ಕೂಡಿಸುವ ಅಕ್ಕ, ಅಂಗೈಯಷ್ಟು ಟೇಪಿಗೆ ಹೆದರಿದ್ದನ್ನು ನಾನು ಆಗ ಕಂಡೆ. ಅವಳ ಮೇಲೆ ನನಗಿದ್ದ ಗೌರವ ಅದರಿಂದ ಹೆಚ್ಚೇ ಆಯಿತು.

"ಹರದ್ರ ಏನ ಮಾಡ್ತಿ?" ಎಂದು ಅವ್ವ ಕೇಳಿಯೇಬಿಟ್ಟಳು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎದ್ದು ಒಳಗೆ ಹೋಗಿ, ಡಬ್ಬಿಯಿಂದ ಟೇಪು ತೆಗೆದುಕೊಂಡು ಬಂದರು. ಅದನ್ನು ಅಕ್ಕನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮಡಚಿ, ಇಡೀ ಕೈಯನ್ನು ಗಟ್ಟಿಯಾಗಿ ಅದುಮಿದರು. ಸೌದಾ ಆತು.

ಆ ಕಾರು ಮುಂದೆ ಬಹಳ ವರ್ಷ ನಮ್ಮಲ್ಲಿತ್ತು. ಪ್ರತಿ ಮಳೆಗಾಲಕ್ಕೂ ಬಾಗಿಲುಗಳಿಂದ ಅರಿಷಿಣದ ವಾಸನೆ ಬರುತ್ತಿತ್ತು. ಅಕ್ಕನ ಕೈಗುಣ ಕೇಳಿ ಕಾರಖಾನೆಯ ಡ್ರೈವರುಗಳು, ಲಾರಿಯವರು, ಕೊನೆಗೆ ಚೇರಮನ್ ಸಾಹೇಬರ ಅಳಿಯನೂ ತಮ್ಮ ಗಾಡಿ ತಂದು ನಮ್ಮ ಗಲ್ಲಿಯಲ್ಲಿ ನಿಲ್ಲಿಸತೊಡಗಿದರು. ಎಲ್ಲರಿಗೂ ಅವಳು ಮೊದಲು ಬಾಗಿಲು ಬಡಿದು ತೋರಿಸುತ್ತಿದ್ದಳು. ಅದೆಲ್ಲ ಇರಲಿ, ನಾನು ಹೇಳಬೇಕೆಂದಿರುವುದು ಆ ಒಂದು ಬೆಳಗಿನ ಮಾತು.

ಶಿಮಗಿ, ಅಂದರೆ ಹೋಳಿ ಹಬ್ಬ, ಕಳೆದಿತ್ತು. ನಾವು ನಾಲ್ಕೂ ಮಂದಿ ಹರಿಪುರದ ಕಡೆ ಹೊರಟೆವು. ಆ ರಸ್ತೆಗೆ ಹಳೆಯ ಹುಣಸೆಮರಗಳ ಸಾಲಿದೆ. ಊರಿನ ಗದ್ದಲ ಹಿಂದುಳಿದು, ಕೃಷ್ಣೆ ವಾರಣೆ ಕೂಡುವ ಜಾಗ ಇನ್ನೂ ಸ್ವಲ್ಪ ಮುಂದಿದೆ ಅನ್ನುವಾಗ ಅಕ್ಕ ಕಾರನ್ನು ಪಕ್ಕಕ್ಕೆ ಇಳಿಸಿ ನಿಲ್ಲಿಸಿದಳು. ಇಂಜಿನು ಬಂದ್ ಮಾಡಿದಳು. ಅಪ್ಪ ಅವ್ವ ಹಿಂದೆ, ನಾನು ಮುಂದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಪ್ಪನಿಗೆ ಗಾಳಿ ಬೇಕೆಂದು ಅವ್ವ ತನ್ನ ಕಡೆಯ ಗಾಜು ಇಳಿಸಿದಳು.

ಅಕ್ಕ ಟೇಪು ಹಾಕಿ, ಗುಂಡಿ ಒತ್ತಿ, ತಟ್ಟನೆ ಬಾಗಿಲು ತೆಗೆದು ಕೆಳಗಿಳಿದಳು.

"ಎಲ್ಲಿಗೆ ಹೊಂಟಿ?" ಎಂದೆ.

"ಡಿಕ್ಕಿ ಕಡೆ ನೋಡತೇನಿ. ವಾಯರ ಸಡಲ ಆಗಿರಬೇಕು" ಎಂದಳು. ವಾಯರು ಸಡಿಲ ಆಗಿರಲಿಲ್ಲ. ಒಳಗೆ ಕೂತು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದುಕೊಂಡು ಕಾರಿನ ಹಿಂದೆ ಹೋಗಿ ನಿಂತಳು.

ಮೊದಲು ಪೇಟೆಯ ಗಜಿಬಿಜಿ. ಕಾಗೆಗಳು, ಯಾರದೋ ಕೆಮ್ಮು, ಹಮಾಲರ ಹೆಜ್ಜೆ. ಆಮೇಲೆ ಅಪ್ಪ.

"ಬೋಲಾ ಶೇಟ್, ಬೋಲಾ! ಬಂಗಾರದಂಥಾ ಮಾಲ ಐತಿ, ನೋಡ್ರಿ, ಮುಟ್ಟಿ ನೋಡ್ರಿ! ಬೋಲಾ!"

ಆ ದನಿ ಕಿವಿಗೆ ಬರಲಿಲ್ಲ, ಸೀಟಿನ ಬೆನ್ನಿನಿಂದ ನನ್ನ ಬೆನ್ನಿಗೆ ಬಂತು. ಕಾರಿನ ಮಾಡು ಪೇಟೆಯ ಮಾಡಾಯಿತು. ನಾನು ತಿರುಗಿ ನೋಡಿದೆ. ಅಪ್ಪ ನೆಟ್ಟಗೆ ಕೂತಿದ್ದರು. ಎದೆ ಏರಿತ್ತು. ಬೆರಳುಗಳು ಮೊಣಕಾಲಿನ ಮೇಲೆ ದರ ಎಣಿಸುತ್ತಿದ್ದವು. ಸೊಳ್ಳೆ ಹೊಡೆಯುವ ಮಾತೇ ಇರಲಿಲ್ಲ. "ಏಕ ವಾರ! ದೋನ ವಾರ!" ಎಂದು ದನಿ ತಡೆದು ನಿಂತಾಗ ಅವರ ಕೈ ಗಾಳಿಯಲ್ಲಿ ನಿಂತಿತು. "ತೀನ ವಾರ!" ಎಂದಾಗ ಫಟ್ಟನೆ ಅಂಗೈ ಮೊಣಕಾಲಿಗೆ ಬಡಿಯಿತು. ಆಮೇಲೆ ಒಮ್ಮೆ ನಿಧಾನವಾಗಿ ತಲೆಯಾಡಿಸಿದರು. ಹೌದು, ಇದು ನಾನು.

ಅವ್ವ ಬೆರಗಾಗಿ ಅವರನ್ನೇ ನೋಡುತ್ತಿದ್ದಳು. ಅಕ್ಕನನ್ನು ಬಿಟ್ಟರೆ ನಮ್ಮಲ್ಲಿ ಹೆಂಗಸರು ಪೇಟೆಗೆ ಹೋಗುವ ರೂಢಿ ಇರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನ ಸವಾಲನ್ನು ಅದರ ಪೂರ್ತಿ ದನಿಯಲ್ಲಿ ಕೇಳಿದ್ದು ಇದೇ ಮೊದಲು.

"ಅಯ್ಯ, ಇಷ್ಟ ಒದರತಿದ್ರೇನ ನೀವು? ಮನ್ಯಾಗ ಇದರ ಕಾಲಭಾಗನೂ ಕೇಳಿಲ್ಲಲ್ಲರಿ ನಾ!"

ಅಪ್ಪನ ಭುಜ ಕುಣಿದವು. ನಾನೂ ನಕ್ಕೆ. ಟೇಪು ಓಡುತ್ತಿತ್ತು. ಸವಾಲು ಮುಗಿದು, ಮಂದಿ ಮುಂದಿನ ರಾಶಿಯ ಕಡೆ ಸರಿದುಹೋದ ಸದ್ದು. ಮನೆಯಲ್ಲಿ ಹಚ್ಚಿದಾಗ, ಟೇಪು ಇಲ್ಲಿಗೆ ಬಂದರೆ ಆ ಚಿಕ್ಕ ಯಂತ್ರ ಬರೀ ಗೊರ್ ಎನ್ನುತ್ತಿತ್ತು. ಬೆಲ್ಲದ ಗಾಡಿ ಹೋದ ಸದ್ದೆಂದು ತಿಳಿದು ನಾವು ಅಲ್ಲಿಗೇ ಬಂದ್ ಮಾಡಿದ್ದೆವು. ಅದು ಗಾಡಿಯಾಗಿರಲಿಲ್ಲ. ಅಪ್ಪ ಗುಂಪು ಬಿಟ್ಟು, ಮೈಕು ಹಿಡಿದು ನಿಂತಿದ್ದ ಮಗಳ ಹತ್ತಿರ ಬಂದು, ಅವಳೊಬ್ಬಳಿಗೇ ಕೇಳುವ ಹಾಗೆ, ಮೆಲ್ಲಗೆ ಮಾತಾಡಿದ್ದರು.

"ಶಶೀ, ಬಿಸಲಾಗ ಯಾಕ ನಿಂತಿ? ನೆಳ್ಳಿಗೆ ಬಾರವಾ."

ಅಷ್ಟೇ. ಆಮೇಲೆ ಮತ್ತೆ ಗಜಿಬಿಜಿ.

ನಾವೆಲ್ಲ ಇಷ್ಟು ತಿಂಗಳು ಹುಡುಕಿದ್ದು ಆ ದೊಡ್ಡ ದನಿಯನ್ನು. ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದ, ಅವ್ವನಿಗೆ ನೀರು ಕೇಳುತ್ತಿದ್ದ, ಜ್ವರ ಬಂದಾಗ ತಲೆಗೆ ಕೈಯಿಟ್ಟು ಮಾತಾಡಿಸುತ್ತಿದ್ದ ಈ ಸಣ್ಣ ದನಿ ಒಂದಿತ್ತು ಅನ್ನುವುದೇ ನನಗೆ ಮರೆತುಹೋಗಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ನಗು ನಿಂತಿತು. ಅವರು ಅವ್ವನ ಆಚೆ, ಇಳಿಸಿದ ಗಾಜಿನ ಹೊರಗೆ ನೋಡುತ್ತಿದ್ದರು.

ಹೊರಗೆ ಅಕ್ಕ, "ಹೂಂರಿ ಅಪ್ಪಾ" ಎಂದಳು. ಡಿಕ್ಕಿಯ ಮೇಲಿಂದ ಕೈ ತೆಗೆದು, ಸ್ಕ್ರೂಡ್ರೈವರ್ ಹಿಡಿದುಕೊಂಡೇ, ಬಿಸಿಲು ದಾಟಿ, ಹುಣಸೆಮರದ ಕೆಳಗೆ ಬಂದು ನಿಂತಳು. ನೆರಳಿನಲ್ಲಿ ನಿಂತ ಮೇಲೆಯೇ ಅವಳು ಕಾರಿನ ಕಡೆ ತಿರುಗಿ ನೋಡಿದ್ದು.